ಅಪ್ಪನಿಂದ ನನಗೆ ಬಂದದ್ದು

ನಾನು ಬಸ್ಸು ಓಡಿಸುವವಳು. ತಿರುವಿನಲ್ಲಿ ನಾನು ಸ್ಟೀರಿಂಗ್ ತಿರುಗಿಸಿದರೆ ನಿಂತವರ ಕೈಯ ಲೋಟದ ಕಾಫಿಯೂ ತುಳುಕುವುದಿಲ್ಲ. ನಾನು ಹಾರ್ನ್ ಹೊಡೆದರೆ ಪಕ್ಕದೂರಿನ ಲಾರಿಗಳೂ ದಾರಿ ಬಿಡುತ್ತವೆ. ಇಂಥ ನನ್ನನ್ನು ಉರಿಸಬಲ್ಲವಳು ಜಗತ್ತಿನಲ್ಲಿ ಒಬ್ಬಳೇ, ನನ್ನ ತಂಗಿ.

ಕಾರಣ ಅಪ್ಪ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ. ಸತ್ತುಬಿದ್ದ ಗಡಿಯಾರಗಳು ಅಪ್ಪ ಪಕ್ಕದಲ್ಲಿ ಕೆಮ್ಮಿದರೆ ಸಾಕು, ಹೆದರಿ ಓಡತೊಡಗುತ್ತಿದ್ದವು. ಆ ಅಂಗಡಿ, ಆ ಮೇಜು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹಿತ್ತಾಳೆ ಉಂಗುರದ ಭೂತಗನ್ನಡಿ, ಎಲ್ಲ ತಂಗಿಯ ಪಾಲಾಯಿತು. ಅಪ್ಪನ ಉದ್ದನೆಯ ತೆಳ್ಳನೆ ಬೆರಳುಗಳೂ ಅವಳಿಗೇ. "ನೀನು ಪೂರ್ತಿ ನಿಮ್ಮಮ್ಮ ಕಣೇ" ಎಂದು ಅಪ್ಪ ನನಗೆ ಹೇಳುತ್ತಿದ್ದ, ಸಮಾಧಾನಕರ ಬಹುಮಾನ ಕೊಟ್ಟ ಹಾಗೆ. ಅಪ್ಪ ಹೋದ ಮೇಲೆ ಆ ಭೂತಗನ್ನಡಿಯನ್ನಾದರೂ ಕೊಡೇ ಎಂದೆ.

"ಕೆಲಸದ್ದು ಅಕ್ಕಾ. ನಿಂಗ್ಯಾಕೆ? ಬಸ್ಸಿನ ಟೈರು ನೋಡೋಕಾ?"

ಅವತ್ತು ನನ್ನ ಹೊಟ್ಟೆಯ ಕಿಚ್ಚಿನಲ್ಲಿ ಇಡೀ ಬೀದಿಯ ಅಡುಗೆ ಬೇಯಿಸಬಹುದಿತ್ತು.

ಅಪ್ಪನ ಅಕ್ಕಂದಿರಿಬ್ಬರೂ ಸ್ತನ ಕ್ಯಾನ್ಸರಿನಿಂದ ಹೋದವರು. ಈ ವರ್ಷ ದೊಡ್ಡತ್ತೆಯ ಮಗಳಿಗೂ ಅದೇ ಬಂತು. ಅವಳ ಡಾಕ್ಟರಮ್ಮ ನಮ್ಮಿಬ್ಬರನ್ನೂ ರಕ್ತ ಪರೀಕ್ಷೆಗೆ ಕರೆಸಿದರು.

"ನಂಗ್ಯಾಕೆ ಡಾಕ್ಟ್ರೇ? ಅಪ್ಪನ ಕಡೇದೆಲ್ಲ ಇವಳ ಹೆಸರಿಗೇ ಆಗಿಹೋಗಿದೆ" ಎಂದೆ.

"ಮೂಗು, ಬೆರಳು ನೋಡಿ ಇದು ಬರಲ್ಲಮ್ಮ" ಎಂದು ನಕ್ಕರು. "ನಿಮ್ಮಪ್ಪ ಗಡಿಯಾರದೋರು ಅಂದ್ರಲ್ಲ, ಹಾಗೇ ಅಂದ್ಕೊಳಿ. ನಮ್ಮ ಜೀವಕೋಶದಲ್ಲಿ ಆಗಾಗ ಏನಾದ್ರೂ ಮುರೀತಾನೇ ಇರತ್ತೆ. ಅದನ್ನ ಸರಿಮಾಡಿ ಕಾಯೋ ಪ್ರೋಟೀನ್ ಒಂದಿದೆ. ಅದನ್ನ ತಯಾರಿಸೋ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನಿಮ್ಮಪ್ಪನ ಮನೇಲಿ ಅದರದ್ದೊಂದು ಕೆಟ್ಟಿದೆ ಅನ್ಸತ್ತೆ. ಅದು ಬಂದವರಿಗೆ ಉಳಿಯೋದು ಇನ್ನೊಂದೇ. ಯಾವುದಾದ್ರೂ ಜೀವಕೋಶದಲ್ಲಿ ಅದೂ ಕೆಟ್ಟರೆ ಕಾಯೋರೇ ಇಲ್ಲ. ಗಂಟು ಅಲ್ಲಿಂದ ಶುರುವಾಗಬಹುದು."

ಫಲಿತಾಂಶ ಬಂತು. ತಂಗಿಗಿಲ್ಲ. ನನಗಿದೆ.

ಹೆದರಬೇಕಿತ್ತು. ಆದರೆ ನನ್ನೊಳಗೆ ಮೊದಲು ಎದ್ದು ನಿಂತದ್ದು ಬೇರೆ. "ನೋಡಿದ್ಯೇನೇ? ಅಪ್ಪಂದು ನಂಗೇ ಬಂದಿದೆ. ನಿಂಗೆ ಚೂರೂ ಇಲ್ಲ!"

"ತಲೆ ಕೆಟ್ಟಿದ್ಯಾ ನಿಂಗೆ?" ಎಂದಳು. ಆದರೆ ಅವಳ ತುಟಿಯಂಚು ಕೊಂಕಿದ್ದನ್ನು ಕಂಡೆ. ಹೊಟ್ಟೆಕಿಚ್ಚನ್ನು ಮೈಲಿ ದೂರದಿಂದಲೇ ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರು ಭೂಮಿಯ ಮೇಲಿಲ್ಲ.

ತಕ್ಷಣ ಸ್ಕ್ಯಾನ್ ಮಾಡಿಸಿ ಎಂದಿದ್ದರು ಡಾಕ್ಟರಮ್ಮ. ನಾನು ಬಸ್ಸು ಓಡಿಸದಿದ್ದರೆ ಊರೇ ನಿಂತುಹೋಗುತ್ತದಲ್ಲ, ಡ್ಯೂಟಿ ಎಂದು ಮುಂದೂಡಿದೆ. ಡಿಪೋದಲ್ಲಿ ಮಾತ್ರ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. "ಅಕ್ಕಾ, ಅದೇನು ಪದಕಾನಾ ಎದೆ ಮೇಲೆ ಹಾಕ್ಕೊಂಡು ತಿರುಗೋಕೆ?" ಎಂದ ನನ್ನ ಕಂಡಕ್ಟರ್. ಬಚ್ಚಲಲ್ಲಿ ನಾನು ಕನ್ನಡಿಗೆ ಬೆನ್ನು ಹಾಕಿ ಬಟ್ಟೆ ಬದಲಿಸುವುದು ಅವನಿಗೇನು ಗೊತ್ತು.

ಒಂದು ಸಂಜೆ ತಂಗಿ ಬಸ್ಸು ಹತ್ತಿ ನನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂತಳು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರೂ ಏಳಲಿಲ್ಲ.

"ಇಳಿಯೇ."

"ಸ್ಕ್ಯಾನಿಗೆ ಯಾವಾಗ ಹೋಗ್ತೀಯ?"

"ನಿಂಗ್ಯಾಕೆ? ನಿಂದೇನಿದೆ ಅದರಲ್ಲಿ?"

"ಏನೂ ಇಲ್ಲ. ಅದಕ್ಕೇ ಉರಿ ನಂಗೆ." ಅವಳ ದನಿ ಒಡೆಯಿತು. "ದೊಡ್ಡತ್ತೆ ಹೋದಾಗ ಅಪ್ಪ ಬಾಗಿಲು ಹಾಕ್ಕೊಂಡು ಅಂಗಡೀಲಿ ಅತ್ತದ್ದು ನೋಡ್ದೋಳು ನಾನು. ಆ ದುಃಖ ನಂಗೂ ಸೇರಿದ್ದು ಕಣೇ. ಈಗ ಅದನ್ನೂ ನೀನೊಬ್ಬಳೇ ಹೊಡ್ಕೊಂಡು ಹೊರಟ್ಹೋಗ್ತೀಯಾ? ನಾನೇನು ಹೊರಗಿನೋಳಾ?"

ನಾನು ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿದೆ. ಅವಳು ಕೈಚೀಲಕ್ಕೆ ಕೈ ಹಾಕಿ ಹಿತ್ತಾಳೆಯ ಭೂತಗನ್ನಡಿ ತೆಗೆದಳು.

"ನಾಳೆ ಸ್ಕ್ಯಾನಿಗೆ ಬಂದ್ರೆ ಇದು ನಿಂದು" ಎಂದು ಮುಂಗಡವಾಗಿ ನನ್ನ ಕೈಗಿಟ್ಟಳು.

ಅದಕ್ಕಾಗಿ ನಾನು ಬೆಂಕಿಯ ಗುಡ್ಡಕ್ಕೂ ಬಸ್ಸು ಹತ್ತಿಸುತ್ತಿದ್ದೆ. ಸ್ಕ್ಯಾನ್ ಯಾವ ಲೆಕ್ಕ!

ಮರುದಿನ ಸ್ಕ್ಯಾನಿನ ಕೋಣೆಯ ಬಾಗಿಲಲ್ಲಿ ನರ್ಸು ತಡೆದಳು. "ಲೋಹದ್ದು ಏನಿದ್ರೂ ತೆಗೆದಿಡಿ." ಓಲೆ ಬಿಚ್ಚಿದೆ, ಪಿನ್ನು ಬಿಚ್ಚಿದೆ.

"ಮುಷ್ಟೀಲಿ ಏನಮ್ಮ?"

"ನಮ್ಮಪ್ಪಂದು."

"ಹಿತ್ತಾಳೇನಾ? ಒಳಗೆ ಬಿಡಲ್ಲ."

ಪಕ್ಕದಲ್ಲಿ ಅಂಗೈ ಚಾಚಿಕೊಂಡು ನಿಂತಿದ್ದಳು ತಂಗಿ. ಅದೇ ಬೆರಳುಗಳು. ಒಂದು ರಾತ್ರಿ ಇಟ್ಟುಕೊಂಡಿದ್ದೆ ಅಷ್ಟೇ!

"ವಾಪಸ್ ಕೊಡ್ತೀಯಲ್ಲ?"

"ಮೊದಲು ನೀನು ವಾಪಸ್ ಬಾ."

ಕೊಟ್ಟೆ. ಒಳಗೆ ಬೋರಲು ಮಲಗಿಸಿದರು. ಸಾವಿರ ಬಸ್ಸುಗಳು ಒಟ್ಟಿಗೆ ಹಾರ್ನ್ ಹೊಡೆದ ಹಾಗೆ ಯಂತ್ರ ಅರಚಿತು. ನನ್ನಷ್ಟು ಅಲುಗದೆ ಮಲಗಿದವರನ್ನು ಆ ಯಂತ್ರ ಹುಟ್ಟಿದಾಗಿನಿಂದ ಕಂಡಿರಲಿಕ್ಕಿಲ್ಲ. ನನ್ನೊಳಗೆ ಏನು ಹುಡುಕುತ್ತಿದೆ, ಏನು ಸಿಗುತ್ತದೆ ಎಂದು ಯೋಚಿಸಲು ನನಗೆ ಪುರುಸೊತ್ತೇ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಅವಳು ಅದನ್ನು ಕಣ್ಣಿಗೆ ಸಿಕ್ಕಿಸಿಕೊಂಡಿರುತ್ತಾಳೆ, ನನಗೆ ಗೊತ್ತು. ಮುಗಿಯಲಿ ಇದು, ಬೇಗ ಮುಗಿಯಲಿ. ಹೋಗಿ ಕಿತ್ತುಕೊಳ್ಳಬೇಕು.