ಕಾರಿಡಾರಿನ ಹೆಂಗಸು

ನಿಶ್ಮಿತಾ ಸ್ಪೇಸ್ ಬಾರ್ ಒತ್ತಿದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಅಮ್ಮ ಹಾಗೇ ನಿಂತುಬಿಟ್ಟಳು.

ಅಮ್ಮನೇ. ಇಪ್ಪತ್ತು ವರ್ಷ ಚಿಕ್ಕವಳು. ಮೈಮೇಲೆ ಹೌಸ್‌ಕೀಪಿಂಗ್‌ನವರ ನೀಲಿ ಅಂಗಿ, ಹಿಂದೆ ಇದೇ ಕೊಲ್ಲಿ ನಗರದ ಖುರುಮ್‌ನ ಯಾವುದೋ ಹೋಟೆಲಿನ ಉದ್ದದ ಕಾರಿಡಾರು, ಕಿವಿಗೆ ಒತ್ತಿ ಹಿಡಿದ ಮೊಬೈಲು.

ರುಮೇನಿಯಾದ ನಿರ್ದೇಶಕ ದೊರಿನ್ ಬ್ರಾತೆಶ್‌ನ ಈ ಚಿತ್ರವನ್ನು ಇಲ್ಲಿನ ಕನ್ನಡಿಗರ ಫಿಲ್ಮ್ ಕ್ಲಬ್ಬು ಬರುವ ಶುಕ್ರವಾರ ತೋರಿಸಲಿತ್ತು. ಆರಿಸಿದವಳು ನಿಶ್ಮಿತಾ. ಪರಿಚಯದ ಪುಟ ಬರೆಯುವವಳೂ ಅವಳೇ. "ನ್ಯೂಟ್ರಲ್ ಆಗಿ ಬರಿ, ನಮ್ಗ್ಯಾಕೆ ಜಗಳ" ಎಂದಿದ್ದ ಕಾರ್ಯದರ್ಶಿ ಚೇತನ್. ಚಿತ್ರ ಕೈಗೆ ಸಿಕ್ಕಿದ್ದು ಇವತ್ತು ಬೆಳಿಗ್ಗೆ. ಪುಟವನ್ನು ಅವಳು ಮೊನ್ನೆಯೇ ವಿಮರ್ಶೆಗಳನ್ನು ಓದಿ ಬರೆದು ಮುಗಿಸಿದ್ದಳು. ಅದರಲ್ಲಿದ್ದದ್ದು ಇಷ್ಟು: ಹೇಳದೆ ಕೇಳದೆ ಜನರನ್ನು ಚಿತ್ರಿಸುವುದು ಬ್ರಾತೆಶ್‌ನ ಪದ್ಧತಿ. ಕೆಲವರು ಇದನ್ನು ಕಳವು ಎನ್ನುತ್ತಾರೆ, ಕೆಲವರು ಕಲೆ. ಕಾರಿಡಾರಿನ ಹೆಂಗಸು ನಾಲ್ಕು ನಿಮಿಷ ಅಳುತ್ತ ಏನು ಹೇಳುತ್ತಾಳೆಂಬುದು ಈವರೆಗೆ ತಿಳಿದುಬಂದಿಲ್ಲ.

ಅವಳು ಮತ್ತೆ ಒತ್ತಿದಳು. ಸಬ್‌ಟೈಟಲ್ ಇರಲಿಲ್ಲ. ಹೆಂಗಸು ಮಾತಾಡುತ್ತಿದ್ದದ್ದು ತುಳು.

"ಉರ್ಸುಲಾ ಬಾಯಿ, ಮಗುವನ್ನು ನೀವೇ ಇಟ್ಕೊಳ್ಳಿ. ಅಮ್ಮ ಸತ್ತಳು ಅಂತ ಹೇಳಿ. ನಾನಿನ್ನು ಬರುದಿಲ್ಲ."

ಉರ್ಸುಲಾ ಬಾಯಿ ಊರಲ್ಲಿ, ಕಿನ್ನಿಗೋಳಿಯಲ್ಲಿ, ಪಕ್ಕದ ಮನೆಯವರು. ನಾಲ್ಕನೇ ವರ್ಷದಿಂದ, ಆರರಲ್ಲಿ ಅಮ್ಮ ವಾಪಸು ಬರುವವರೆಗೆ, ನಿಶ್ಮಿತಾ ಮಲಗಿದ್ದು ಅವರ ಮಗ್ಗುಲಲ್ಲಿ. ಅದೇ ಮಾತು ಮೂರು ಸಲ ಬಂತು. ಮೂರನೆಯ ಸಲ ಅವಳ ಬೆರಳು ತಾನಾಗಿ ಚಿತ್ರವನ್ನು ನಿಲ್ಲಿಸಿತು.

"ಎಂತ ಮಾರಾಯ್ತಿ, ಹತ್ತು ಸಲ ಕರ್ದೆ. ಕಿವಿ ಎಲ್ಲಿ ಅಡ ಇಟ್ಟಿದ್ದೀ?" ಅಡಿಗೆಮನೆಯಲ್ಲಿ ಬಂಗುಡೆ ಮೀನು ತೊಳೆಯುತ್ತಿದ್ದ ಅಮ್ಮ ವಿನೋದಾ ಒದ್ದೆ ಕೈಯಲ್ಲೇ ಕೋಣೆಗೆ ಬಂದಳು. ಪರದೆ ಕಂಡದ್ದೇ ಬಾಗಿಲಲ್ಲಿ ನಿಂತಳು.

"ಇದು ಯಾರು ತೆಗ್ದದ್ದು?"

"ಒಬ್ಬ ಡೈರೆಕ್ಟರ್. ರೂಮಿನ ಬಾಗಿಲ ಸಂದಿಯಿಂದ."

"ಸುಳ್ಳು. ಎರಡೂ ಕಡೆ ನೋಡಿಯೇ ಅತ್ತದ್ದು ನಾನು. ಯಾರೂ ಇರ್ಲಿಲ್ಲ." ಅವಳ ಬೆರಳುಗಳಿಂದ ನೀರು ನೆಲಕ್ಕೆ ಹನಿಯುತ್ತಿತ್ತು. "ಇವನ ಬಗ್ಗೆಯಾ ನೀನು ಬರ್ದದ್ದು? ಎಂತ ಬರ್ದಿ?"

"ಕೆಲವರು ಕಳವು ಅಂತಾರೆ, ಕೆಲವರು ಕಲೆ ಅಂತಾರೆ, ಅಂತ."

"ನೀನೆಂತ ಹೇಳ್ತಿ?"

"ನಾನು ಹೇಳ್ಲಿಕ್ಕಿಲ್ಲ ಅಮ್ಮ. ಪರಿಚಯದ ಪುಟ ಅಂದ್ರೆ ಹಾಗೆ."

ವಿನೋದಾ ಮಂಚದ ಅಂಚಿಗೆ ಕುಳಿತಳು. "ಮಾತು ಪೂರಾ ಕೇಳಿತಾ ನಿಂಗೆ?"

"ಕೇಳಿತು."

"ವೀಸಾ ಕೊಟ್ಟ ಕಫೀಲ್ ಪಾಸ್‌ಪೋರ್ಟ್ ಕೊಡ್ಲಿಲ್ಲ. ಇನ್ನೆರಡು ವರ್ಷ ಬಿಡುದಿಲ್ಲ ಅಂದ. ನೀನು ದಿನಾ ಗೇಟಿನ ಹತ್ರ ಕೂತು ಕಾಯ್ತೀ ಅಂತ ಉರ್ಸುಲಾ ಬಾಯಿ ಹೇಳಿದ್ರು. ಸತ್ತವರಿಗೆ ಯಾರೂ ಕಾಯುದಿಲ್ಲ ಅಲ್ಲಾ?"

ಮೇಜಿನ ಮೇಲೆ ಫೋನು ಅದುರಿತು. ಚೇತನ್. ಸ್ಪೀಕರಿನಲ್ಲಿ ಅವನ ಮಂಡ್ಯದ ಗಂಟಲು ಕೋಣೆಯನ್ನೆಲ್ಲ ತುಂಬಿತು.

"ಏನಮ್ಮಾ ರೈಟರ್, ಪುಟ ರೆಡೀನಾ? ಪ್ರೆಸ್‌ನೋನು ಕಾಯ್ತಾ ಕೂತವ್ನೆ. ಯಲ್ಲಾ, ಬೇಗ ಕಳಿಸಿ ಖಲಾಸ್ ಮಾಡು. ನಿಮ್ ಮಂಗ್ಳೂರೋರೇ ನಲವತ್ತು ಜನ ಹೆಸ್ರು ಕೊಟ್ಟವ್ರೆ, ಗೊತ್ತಾ?"

ನಲವತ್ತು ಜನ. ಎಲ್ಲರಿಗೂ ತುಳು ಬರುತ್ತದೆ.

"ಈ ಸಿನಿಮಾ ಬೇಡ ಚೇತನ್."

"ಆಂ? ತಮಾಷೆನಾ? ಆರಿಸ್ದೋಳು ನೀನೇ ತಾನೆ! ಏನ್ ಕಾರ್ಣ ಅಂತ ಹೇಳ್ಲಿ ಎಲ್ರಿಗೂ?"

ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ನೆಲ ನೋಡುತ್ತಿದ್ದಳು.

"ನಿಶ್ಮಿತಾಗೆ ತಲೆ ಕೆಟ್ಟಿದೆ ಅಂತ ಹೇಳು. ನಾನು ಬೇರೆ ಏನೂ ಹೇಳುದಿಲ್ಲ."

"ಇನ್ನೊಂದ್ಸಲ ನಿನ್ ಮಾತು ಕೇಳಿದ್ರೆ ನನ್ ಮೆಟ್ನಲ್ಲಿ ನಾನೇ ಹೊಡ್ಕೊಬೇಕು," ಎಂದು ಅವನು ಫೋನಿಟ್ಟ.

ಹೊರಗೆ, ಅವರ ಮನೆಯಿದ್ದ ದಾರ್ಸೈಟ್‌ನ ಬೀದಿಯಲ್ಲಿ ಯಾರದೋ ಕಾರಿನ ಹಾರ್ನು ಬಿಡದೆ ಕೂಗಿ ನಿಂತಿತು.

"ಇನ್ನೂ ಉಂಟಾ ಅದು?" ವಿನೋದಾ ಕೇಳಿದಳು.

"ಅರ್ಧ ನಿಮಿಷ."

"ಹಾಕು."

ನೀಲಿ ಅಂಗಿಯ ಹೆಂಗಸು ಫೋನನ್ನು ಜೇಬಿಗಿಟ್ಟಳು. ಟ್ರಾಲಿಯಿಂದ ಬಿಳಿ ಟವೆಲೊಂದನ್ನು ಎಳೆದು ಮುಖ ಒರೆಸಿಕೊಂಡಳು. ಅದನ್ನು ಒದ್ದೆ ಒಳಗಾಗುವಂತೆ ಮೂರು ಮಡಿಕೆ ಮಾಡಿ, ಉಳಿದವುಗಳ ತೀರಾ ಕೆಳಗೆ ತುರುಕಿದಳು. ಆಮೇಲೆ ಮುಂದಿನ ಬಾಗಿಲು ತಟ್ಟಿ, "ಹೌಸ್‌ಕೀಪಿಂಗ್" ಎಂದಳು.