ಸೊಂಟದಲ್ಲಿ ಫ್ಯೂಸು

"ಏಯ್, ಏಣಿ ಆಚೆ ತಗೊಳ್ಳೇ! ಬೋರ್ಡಿಗೆ ತಾಗ್ತಾ ಇದೆ, ಕಣ್ಣು ಕಾಣಲ್ವಾ? ಬೋರ್ಡೇನು ನಿಮ್ಮಪ್ಪ ಬರೆಸಿಕೊಟ್ಟಿದ್ನಾ?"

ಬೇಕರಿಯವನು ಗಲ್ಲಾ ಬಿಟ್ಟು ಎದ್ದು ಬಂದು ನಿಂತಿದ್ದ. ಏಣಿಗೂ ಅವನ ಬೋರ್ಡಿಗೂ ನಡುವೆ ಒಂದು ಗೇಣು ಜಾಗವಿತ್ತು. ಏಣಿಯ ಮೇಲೆ ನನ್ನ ಗಂಡ ನಿಂತಿದ್ದ. ಗಂಡ ಮೇಲಿರುವಾಗ ಏಣಿಯನ್ನು ಆಚೆ ತೆಗೆದುಕೊಳ್ಳುವುದು ಹೇಗೆ ಎಂದು ಆ ಮೂತಿಗೆ ಕೇಳಬೇಕೆನ್ನಿಸಿತು. ಅದರ ಬದಲು ಎರಡೂ ಕೈಯಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದು, ಸರಿಸಿದಂತೆ ಮೈ ಅಲ್ಲಾಡಿಸಿದೆ. ಅವನಿಗೆ ಅಷ್ಟೇ ಬೇಕಿತ್ತು, ಒಳಗೆ ಹೋದ.

ಗಂಡನಿಗೆ ಕಾಲು ಉದ್ದ. ಊರೆಲ್ಲ ಅವನನ್ನು ಕೊಕ್ಕರೆ ಎಂದೇ ಕರೆಯುತ್ತದೆ, ಹೆತ್ತ ತಾಯಿಯೂ ಸೇರಿ. ನಾನು ಏಣಿ ಹಿಡಿಯುವವಳು, ಹಾಗಾಗಿ ನಾನೇ ಏಣಿ. "ಲೇ ಏಣಿ, ಇಲ್ಲಿ ಬಾ", "ಏಣೀನ ಕಳಿಸೋ ಕೊಕ್ಕರೆ" ಎನ್ನುವ ಮೇಸ್ತ್ರಿಯ ಬಾಯಲ್ಲಿ ನಾನೊಂದು ಬಿದಿರಿನ ಸಾಮಾನು. ಪುರಸಭೆಯವರು ಊರಿನ ಬೀದಿದೀಪಗಳನ್ನೆಲ್ಲ ತೆಗೆಸಿ ಎಲ್‌ಇಡಿ ಹಾಕಿಸುತ್ತಿದ್ದರು. ಬಿಚ್ಚುವವರೂ ನಾವೇ, ಹಾಕುವವರೂ ನಾವೇ. ಫ್ಲೆಕ್ಸಿನಲ್ಲಿ ನಗುತ್ತಿದ್ದವರು ಮಾತ್ರ ಬೇರೆಯವರು.

ಕಂಬದ ಕೆಲಸಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಬೀದಿಯ ಸ್ವಿಚ್ ಪೆಟ್ಟಿಗೆಯಿಂದ ಫ್ಯೂಸು ಕಿತ್ತರೆ ಆ ಬೀದಿಯ ತಂತಿಯಲ್ಲಿ ಕರೆಂಟಿರುವುದಿಲ್ಲ. ಹಾಗೆ ಕಿತ್ತ ಬಿಳಿ ಪಿಂಗಾಣಿ ಫ್ಯೂಸನ್ನು ಕೆಳಗೆ ನಿಂತವರ ಕೈಗೆ ಕೊಡುವಂತಿಲ್ಲ. ಹತ್ತುವವನೇ ಅದನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಹತ್ತಬೇಕು, ಇಳಿದು ಬಂದು ತಾನೇ ಹಾಕಬೇಕು. ಇದು ಮಾವ ಮಾಡಿದ್ದು. ಅವರು ಜೀವಮಾನವೆಲ್ಲ ಕಂಬ ಹತ್ತಿ ಕೊನೆಗೆ ಹಾಸಿಗೆಯ ಮೇಲೆ ಕಣ್ಣು ಮುಚ್ಚಿದರು. ಅತ್ತೆ ಅದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. "ನನ್ ಕೈಗಾದ್ರೂ ಕೊಡು, ಎತ್ಕೊಂಡು ಓಡಿಹೋಗ್ತೀನಾ?" ಎಂದು ಮದುವೆಯಾದ ಹೊಸದರಲ್ಲಿ ನಾನು ಗಂಡನನ್ನು ಕೇಳಿದ್ದೆ. "ನನ್ನನ್ನೇ ನಿನ್ ಕೈಗೆ ಕೊಟ್ಟಾಯ್ತಲ್ಲೇ, ಇದೊಂದು ನನ್ ಹತ್ರ ಇರ್ಲಿ ಬಿಡು," ಎಂದು ನಕ್ಕಿದ್ದ.

ಬೇಕರಿಯವನಿಗೆ ಈ ಫ್ಯೂಸು ಕಿತ್ತರೆ ಮೈಯುರಿ. ಅವನ ಫ್ರಿಜ್ಜು, ಗಾಜಿನ ಕಪಾಟಿನ ದೀಪ, ಬಣ್ಣದ ಬೋರ್ಡು ಎಲ್ಲಕ್ಕೂ ಬೀದಿದೀಪದ ತಂತಿಯಿಂದಲೇ ಕದ್ದ ಕರೆಂಟು. ಅದಕ್ಕಾಗಿ ತಂತಿಯಲ್ಲಿ ಹಗಲೂ ಕರೆಂಟಿರಬೇಕಿತ್ತು, ಹಾಗಾಗಿ ಆ ಬೀದಿಯ ದೀಪಗಳು ಮಟಮಟ ಮಧ್ಯಾಹ್ನವೂ ಉರಿಯುತ್ತಿದ್ದವು. ಕಾರಣ ಗೊತ್ತಿಲ್ಲದವರು ಪುರಸಭೆಗೆ ಬೈಯುತ್ತಿದ್ದರು. ಗೊತ್ತಿದ್ದ ನಾವು ಸುಮ್ಮನಿದ್ದೆವು, ಏಕೆಂದರೆ ಬೇಕರಿಯವನು ಪುರಸಭೆ ಅಧ್ಯಕ್ಷರ ಹೆಂಡತಿಯ ತಮ್ಮ. ಹಳೆ ದೀಪಗಳಿಂದ ಕರೆಂಟು ಪೋಲಾಗುತ್ತಿದೆ ಎಂದು ಅಧ್ಯಕ್ಷರು ಮೈಕಿನ ಮುಂದೆ ಗೋಳಾಡಿದಾಗ ಮೊದಲು ಚಪ್ಪಾಳೆ ತಟ್ಟಿದವನೂ ಅವನೇ. ಹೊಸ ದೀಪಕ್ಕೊಂದು ಕಣ್ಣಿದೆ. ಬೆಳಕಾದರೆ ತಾನೇ ಆರುತ್ತದೆ, ಕತ್ತಲಾದರೆ ತಾನೇ ಹತ್ತುತ್ತದೆ, ತಂತಿಯಲ್ಲಿ ಮಾತ್ರ ಇಡೀ ದಿನ ಕರೆಂಟು. ಇನ್ನು ಮಧ್ಯಾಹ್ನ ದೀಪ ಉರಿಯುವುದಿಲ್ಲ, ಜನ ಬೈಯುವುದಿಲ್ಲ, ಫ್ರಿಜ್ಜೂ ನಿಲ್ಲುವುದಿಲ್ಲ. ಆಹಾ, ಎಂಥ ಸುಧಾರಣೆ!

ಬೇಕರಿಯವನು ಮತ್ತೆ ಹೊರಗೆ ಬಂದ.

"ಏನ್ ಮೇಸ್ತ್ರಿ, ನನ್ ಕೇಕೆಲ್ಲ ಕರಗಿ ಗಂಜಿ ಆಗ್ತಾ ಇದೆ. ಸಂಜೆ ಆರ್ಡರ್ ಇದೆ ಕಣಯ್ಯಾ. ಆ ಕೊಕ್ಕರೆ ಯಾವಾಗ ಇಳಿಯುತ್ತೆ?"

ಮೇಸ್ತ್ರಿ ತಲೆಯೆತ್ತಿ ಕೂಗಿದ. "ಲೋ, ಫ್ಯೂಸ್ ಕೆಳಗೆ ಎಸಿಯೋ!"

"ಇದೊಂದು ದೀಪ ಮುಗಿಸಿ ಇಳೀತೀನಿ ಮೇಸ್ತ್ರೀ."

"ಅಪ್ಪನ ಆಸ್ತಿ ಸೊಂಟಕ್ಕೆ ಕಟ್ಕೊಂಡಿದಾನೆ ನೋಡು, ಬೋಳಿಮಗ."

ಮೇಸ್ತ್ರಿ ನೆಲದಲ್ಲಿ ಬಿದ್ದಿದ್ದ ದಪ್ಪ ತಂತಿಯ ಚೂರೊಂದನ್ನು ಎತ್ತಿ ಇಕ್ಕಳದಲ್ಲಿ ಬಗ್ಗಿಸುತ್ತ ಪೆಟ್ಟಿಗೆಯ ಕಡೆ ನಡೆದ. ಫ್ಯೂಸಿನ ಜಾಗಕ್ಕೆ ಅದನ್ನು ಸಿಕ್ಕಿಸಿದರೆ ಆಯಿತು, ಫ್ಯೂಸೇ ಬೇಡ.

"ಬೇಡ ಮೇಸ್ತ್ರೀ! ಅವ್ರ ಕೈ ತಂತಿ ಮೇಲಿದೆ!"

"ಮುಚ್ಚೇ ಬಾಯಿ. ನಂಗೇನು ಕಣ್ಣಿಲ್ವಾ?"

ಏಣಿ ಬಿಟ್ಟು ಓಡಿದರೆ ಗಂಡ ಬೀಳುತ್ತಾನೆ. ಬಿಡದೆ ಕಿರುಚಿದೆ. ಪೆಟ್ಟಿಗೆಯಿದ್ದದ್ದು ಬೇಕರಿಯ ಚಪ್ಪರದ ಮರೆಯಲ್ಲಿ, ಮೇಲಿದ್ದವನಿಗೆ ಮೇಸ್ತ್ರಿ ಕಾಣುತ್ತಿರಲಿಲ್ಲ. ಬಾಯಿ ತೆರೆದು ಕಿರುಚುತ್ತಿದ್ದ ನಾನು ಮಾತ್ರ ಕಾಣುತ್ತಿದ್ದೆ. ನನ್ನ ಮುಖವನ್ನೇ ನೋಡುತ್ತ, ಕೈಯಲ್ಲಿ ತಂತಿ ಹಿಡಿದೇ ಸೆಟೆದುಕೊಂಡ. ಆಮೇಲೆ ಬೇಕರಿಯ ಮೆಟ್ಟಿಲ ಮೇಲೆ ಬಿದ್ದ. ಮಾಂಸ ಸುಟ್ಟ ವಾಸನೆ ಬಂತು.

"ಅಯ್ಯೋ, ಗಿರಾಕಿ ಬರೋ ದಾರಿ ಕಣ್ರೋ," ಎಂದ ಬೇಕರಿಯವನು. "ಆ ಕಡೆ ಎಳ್ಕೊಂಡ್ ಹೋಗಿ."

ಒಳಗೆ ಅವನ ಫ್ರಿಜ್ಜು ಗುಂಯ್ ಎನ್ನತೊಡಗಿತ್ತು. ಗಂಡನ ಸೊಂಟದಿಂದ ಫ್ಯೂಸಿನ ಗಂಟು ಬಿಚ್ಚಿ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಯಾಕೆ ಹಾಗೆ ಮಾಡಿದೆನೋ ಆಗ ಗೊತ್ತಿರಲಿಲ್ಲ.

*

ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈವರೆಗೆ ತೆಗೆದರು. ನಾನು ಔಷಧಿ ತರಲು ಹೋಗಿದ್ದಾಗ ಮೇಸ್ತ್ರಿ ಬಂದು ಅತ್ತೆಯ ಕಿವಿ ಊದಿ ಹೋಗಿದ್ದ. ವಾರ್ಡಿನ ಬಾಗಿಲಲ್ಲೇ ಅತ್ತೆ ನನ್ನ ಜಡೆ ಹಿಡಿದರು.

"ಬುಡದಲ್ಲಿ ನಿಂತಿದ್ದೋಳು ನೀನು! ತಂತಿ ಚೂರು ಸಿಕ್ಸಿದ್ದು ನೀನೇ ಅಂತೆ. ಕೇಕ್ ಕೊಡ್ತೀನಿ ಅಂದ್ನಂತೆ ಆ ಬೇಕರಿಯವನು. ಒಂದು ತುಂಡು ಕೇಕಿಗೆ ಗಂಡನ್ನ ಮಾರಿದ್ಯಲ್ಲೇ, ಹಲ್ಕಾ ಮುಂಡೆ!"

"ಅತ್ತೆ, ಮೇಸ್ತ್ರೀನೇ ಹಾಕಿದ್ದು. ನಾನು ಕಣ್ಣಾರೆ ನೋಡಿದೀನಿ."

"ಮುವ್ವತ್ತು ವರ್ಷ ನಿಮ್ಮಾವ ಕಂಬ ಹತ್ತಿದ್ರು. ಬುಡದಲ್ಲಿ ನಾನಿದ್ದೆ. ಒಂದು ತರಚು ಗಾಯ ಆಗ್ಲಿಲ್ಲ."

ಹಾಸಿಗೆಯಲ್ಲಿ ಗಂಡ ಕಣ್ಣು ಬಿಟ್ಟುಕೊಂಡಿದ್ದ. ಅವನಾದರೂ ಒಂದು ಮಾತು ಹೇಳುತ್ತಾನೆ ಎಂದು ಹತ್ತಿರ ಹೋದೆ.

"ನೀನು ಮೊದಲೇ ಕಿರುಚಿದೆ," ಎಂದ. "ಕರೆಂಟ್ ಬರೋಕ್ಕಿಂತ ಮೊದಲೇ. ನಿಂಗೆ ಹೇಗೆ ಗೊತ್ತಾಯ್ತು?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಕೈ ಹೋದದ್ದಕ್ಕಿಂತ ಆ ಬೆನ್ನು ನನ್ನನ್ನು ಸುಟ್ಟಿತು. ಸುಡಲಿ, ಮೇಸ್ತ್ರಿಯ ಮನೆಯೂ ಸುಡಲಿ ಎಂದು ಬಾಯಿಬಿಟ್ಟೇ ಶಾಪ ಹಾಕಿದೆ. ನರ್ಸಮ್ಮ ಗದರಿ ಹೊರಗೆ ಕಳಿಸಿದಳು.

*

"ಹೊಸಿಲಾಚೆ ನಿಂತು ಮಾತಾಡು. ನೆಲ ಈಗ್ತಾನೆ ಒರೆಸಿದ್ದಾರೆ."

ಪುರಸಭೆಯ ಕೋಣೆಯಲ್ಲಿ ಅಧ್ಯಕ್ಷರು ಹೊಸ ದೀಪವೊಂದನ್ನು ಮೇಜಿನ ಮೇಲಿಟ್ಟುಕೊಂಡು ಬಟ್ಟೆಯಲ್ಲಿ ಉಜ್ಜುತ್ತಿದ್ದರು. ಮೇಸ್ತ್ರಿ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಮನೆಗೆ ಬೆಂಕಿ ಹಾಕಿದವನೇ ಆರಿಸಲು ಬಂದ ಹಾಗೆ ಮುಖ.

"ಸಾಹೇಬ್ರೇ, ನಾನು ಹಾಕ್ಲಿಲ್ಲ ಅಂತ ಇವನ ಬಾಯಲ್ಲಿ ಹೇಳಿಸಿ. ನನ್ ಗಂಡನ ಮುಂದೆ. ನಂಗೆ ಇನ್ನೇನೂ ಬೇಡ."

"ನೋಡಮ್ಮ, ಕೈತಪ್ಪು ಎಲ್ಲರಿಂದಾನೂ ಆಗುತ್ತೆ. ನಾಡಿದ್ದು ಉದ್ಘಾಟನೆ. ನಿಮ್ಮತ್ತೆಗೆ ವೇದಿಕೆ ಹತ್ರ ಕುರ್ಚಿ ಹಾಕಿಸ್ತೀನಿ. ಸೊಸೆ ಕೈತಪ್ಪು, ಪುರಸಭೆ ತಪ್ಪಲ್ಲ ಅಂತ ಆಯಮ್ಮ ನಾಲ್ಕು ಜನರ ಮುಂದೆ ಹೇಳಿದ್ರೆ ನೀವು ವಾಸ ಇರೋ ಶೆಡ್ಡಿನ ತಂಟೆಗೆ ಯಾರೂ ಬರಲ್ಲ. ಪುರಸಭೆ ಜಾಗ ಅದು, ನೆನಪಿರಲಿ."

"ಹಾಕಿದ್ದು ಇವನು!"

"ಯಾರು ನೋಡಿದ್ರು?"

"ನಿಮ್ಮ ಭಾಮೈದ ನೋಡಿದ್ರು."

ಅಧ್ಯಕ್ಷರು ಉಜ್ಜುವುದನ್ನು ನಿಲ್ಲಿಸಿದರು. ಮೇಸ್ತ್ರಿ ನನ್ನ ಸೊಂಟದ ಕಡೆ ಬೆರಳು ತೋರಿಸಿದ. "ಫ್ಯೂಸ್ ಇವಳ ಹತ್ರಾನೇ ಇದೆ ಸಾರ್. ಸರ್ಕಾರಿ ಮಾಲು."

"ಇಟ್ಟು ಹೋಗು."

"ಹತ್ತಿದವನು ಇಳಿದ್ಮೇಲೆ ಅವನೇ ಹಾಕ್ಬೇಕು," ಎಂದೆ. "ಅವನಿಗೆ ಈಗ ಕೈಯಿಲ್ಲ."

"ಥೂ, ಆಚೆ ನೂಕೋ ಇವಳನ್ನ."

ಮೇಸ್ತ್ರಿ ನೂಕಿದ. ಫ್ಯೂಸನ್ನು ಕಿತ್ತುಕೊಳ್ಳಲು ಕೈ ಹಾಕಿದಾಗ ಆ ಕೈಯನ್ನು ಕಚ್ಚಿದೆ. "ನಾಯಿ ಸೂಳೆ" ಎಂದ. ನಾನು ಬಾಯೊರೆಸಿಕೊಂಡು ಹೊರಟೆ.

*

ಉದ್ಘಾಟನೆಯ ಸಂಜೆ ಬೇಕರಿಯ ಎದುರಿಗೇ ವೇದಿಕೆ. ಪಕ್ಕದ ಕುರ್ಚಿಯಲ್ಲಿ ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಅಧ್ಯಕ್ಷರು ಒತ್ತಲೆಂದು ಒಂದು ದೊಡ್ಡ ಕೆಂಪು ಬಟನ್ನು ಮಾಡಿಸಿದ್ದರು, ಅದಕ್ಕೆ ಹಿಂದೆ ಯಾವ ತಂತಿಯೂ ಇರಲಿಲ್ಲ. ಭಾಷಣ ಉದ್ದವಾಯಿತು. ಕತ್ತಲು ಕಾಯಲಿಲ್ಲ, ದೀಪಗಳೂ ಕಾಯಲಿಲ್ಲ. ಮಾತಿನ ನಡುವೆಯೇ ಬೀದಿಯುದ್ದಕ್ಕೂ ಬೆಳ್ಳಗೆ ಹತ್ತಿಕೊಂಡವು. ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಓಡಿಹೋಗಿ ಬಟನ್ನು ಒತ್ತಿದರು. ಚಪ್ಪಾಳೆ ಬಿತ್ತು.

ಎಲ್ಲರೂ ಮೇಲೆ ನೋಡುತ್ತಿದ್ದರು. ನಾನು ಗಂಡನ ರಬ್ಬರ್ ಹಿಡಿಯ ಇಕ್ಕಳ ತೆಗೆದುಕೊಂಡು ಚಪ್ಪರದ ಮರೆಗೆ ಹೋದೆ. ಪೆಟ್ಟಿಗೆಯಲ್ಲಿ ಅದೇ ತಂತಿಯ ಚೂರು ಇನ್ನೂ ಹಾಗೇ ಸಿಕ್ಕಿಕೊಂಡಿತ್ತು. ಯಾರಿಗೂ ಅದನ್ನು ತೆಗೆಯಬೇಕೆನ್ನಿಸಿರಲಿಲ್ಲ. ಹಿಡಿದು ಎಳೆದೆ.

ಬೀದಿ ಆರಿತು. ಜೊತೆಗೇ ಬೇಕರಿಯೂ ಆರಿತು. ಎಡಗಡೆಯ ಅಂಗಡಿ, ಬಲಗಡೆಯ ಅಂಗಡಿ ಎಂದಿನಂತೆ ಬೆಳಗುತ್ತಿದ್ದವು. ನಡುವೆ ಬೇಕರಿಯೊಂದೇ ಕಪ್ಪಗೆ, ಹಲ್ಲು ಬಿದ್ದ ಬಾಯಿಯ ಹಾಗೆ.

"ಅರೇ, ಬೀದಿದೀಪ ಹೋದ್ರೆ ಬೇಕರಿ ಯಾಕೆ ಹೋಯ್ತು?" ಎಂದರು ಯಾರೋ. ಇನ್ನೊಬ್ಬರು ಜೋರಾಗಿ ನಕ್ಕರು.

ತೋರಣ ಕಟ್ಟಿದವರು ಬಿಟ್ಟುಹೋಗಿದ್ದ ನನ್ನ ಏಣಿ ಬೇಕರಿ ಮುಂದಿನ ಕಂಬಕ್ಕೆ ಒರಗಿತ್ತು. ಸೊಂಟದ ಗಂಟಿನಲ್ಲಿ ಫ್ಯೂಸಿತ್ತು, ತಂತಿಯ ಚೂರನ್ನೂ ಅದರ ಜೊತೆಗೇ ಕಟ್ಟಿ ಹತ್ತತೊಡಗಿದೆ. ಜೀವನದಲ್ಲಿ ಮೊದಲ ಸಲ. ಹಿಡಿಯುವವರಿಲ್ಲದ ಏಣಿ ಗಡಗಡ ಅಲುಗುತ್ತಿತ್ತು. ಹತ್ತಿದೆ.

"ಮೇಲಿರೋದು ಯಾರು? ಏ, ಏಣಿ! ಇಳಿಯೇ ಕೆಳಗೆ!" ಮೇಸ್ತ್ರಿ ಕೂಗಿದ.

ಕತ್ತಲ ಬೇಕರಿಯಿಂದ ಮಾಲೀಕ ಹುಚ್ಚು ಹಿಡಿದವನ ಹಾಗೆ ಓಡಿಬಂದ. "ಅವಳನ್ನೇನು ಕೇಳ್ತೀಯಾ! ಇನ್ನೊಂದು ಚೂರು ಸಿಕ್ಸೋ ಮೇಸ್ತ್ರಿ! ಮೊನ್ನೆ ಸಿಕ್ಸಿದ್ಯಲ್ಲ, ಹಾಗೇ ಸಿಕ್ಸೋ!"

ಜನರ ಗುಜುಗುಜು ನಿಂತಿತು. ಅಧ್ಯಕ್ಷರು ಭಾಮೈದನ ತೋಳು ಹಿಡಿದು ಹಿಂದಕ್ಕೆಳೆದರು. ಆಡಿದ ಮಾತನ್ನು ಎಳೆಯಲು ಆಗಲಿಲ್ಲ.

ನಾನು ತುದಿಗೆ ತಲುಪಿದ್ದೆ. ಗಂಡ ಹಿಡಿದಿದ್ದ ಅದೇ ತಂತಿಯನ್ನು ಬರಿಗೈಯಲ್ಲಿ ಹಿಡಿದುಕೊಂಡೆ.

"ಸಿಕ್ಸೋ ಮೇಸ್ತ್ರಿ!" ಎಂದು ಕೂಗಿದೆ. "ಮೊನ್ನೆ ನಿಂಗೆ ಕಣ್ಣಿತ್ತಲ್ಲ. ಇವತ್ತು ಎಲ್ಲರಿಗೂ ಇದೆ. ಸಿಕ್ಸೋ ಗಂಡಸಾದ್ರೆ!"

ಪಕ್ಕದಂಗಡಿಯ ಬೆಳಕಿನಲ್ಲಿ ಮೇಸ್ತ್ರಿ ಚಪ್ಪರದ ಅಂಚಿಗೆ ಬಂದು ನಿಂತಿದ್ದ, ಪೆಟ್ಟಿಗೆಗೆ ಇನ್ನೊಂದೇ ಹೆಜ್ಜೆ. ಅವನ ಕೈಯಲ್ಲಿ ಬಗ್ಗಿಸಿದ ತಂತಿಯೊಂದು ಆಗಲೇ ಇತ್ತು. ಅವನು ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಬೇಡ ಎನ್ನಲಿಲ್ಲ.

ಏಣಿ ಇದ್ದಕ್ಕಿದ್ದಂತೆ ಅಲುಗುವುದು ನಿಂತಿತು. ಬಗ್ಗಿ ನೋಡಿದೆ. ಬುಡದಲ್ಲಿ ಅತ್ತೆ ಎರಡೂ ಕೈಯಿಂದ ಏಣಿ ಹಿಡಿದು, ಕಾಲು ಅಗಲಿಸಿ ನಿಂತಿದ್ದರು.

"ಫ್ಯೂಸ್ ಸೊಂಟದಲ್ಲೇ ಇದ್ಯಾ?" ಎಂದು ಕೇಳಿದರು.

"ಇದೆ ಅತ್ತೆ."

"ಭದ್ರವಾಗಿ ಇಟ್ಕೋ."

ಮೇಸ್ತ್ರಿ ಇನ್ನೂ ಚಪ್ಪರದ ಅಂಚಿನಲ್ಲೇ ನಿಂತಿದ್ದ. ನಾನು ತಂತಿ ಬಿಡಲಿಲ್ಲ.