ಎರ್ರಮ್ಮನ ಸೀರೆ, ಕದರಮ್ಮನ ಕೌದಿ

ಇದು ನಿಜವಾಗಿ ನಡೆದದ್ದು. ನಾನು ಸುಳ್ಳು ಹೇಳುವುದು ಬೇರೆಯವರ ದನಿಯಲ್ಲಿ ಮಾತ್ರ.

ಆಗ ರಾಯದುರ್ಗದ ನಮ್ಮ ಬೀದಿಯಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುವ ಮೆಷಿನ್ನು. ದೀಪಾವಳಿ ದಾಟಿತೆಂದರೆ ಆರ್ಡರು ತೆಳ್ಳಗಾಗಿ, ಮೆಷಿನ್ನುಗಳ ಗರಗರ ನಿಂತು, ಹೆಂಗಸರು ಎಳೆಬಿಸಿಲಿಗೆ ಕಾಲು ಚಾಚಿ ಹೊದೆಯಲು ಚಿಂದಿಯ ಕೌದಿ ಹೊಲಿಯುತ್ತ ಕೂರುತ್ತಿದ್ದರು. ನನಗೆ ಬಿ.ಎ. ಡಿಗ್ರಿ ಬಂದಿತ್ತು, ಚಳಿಯೂ ಡಿಗ್ರಿಯಲ್ಲೇ ಬಂದಿತ್ತು; ಎರಡರಿಂದಲೂ ಮೈ ಬೆಚ್ಚಗಾಗಲಿಲ್ಲ. ಜೀನ್ಸಿಗೆ ಇಸ್ತ್ರಿ ಹಾಕುತ್ತ, ಬೀದಿಯವರ ದನಿಗಳನ್ನೆಲ್ಲ ಅಣಕಿಸುತ್ತ ದಿನ ತಳ್ಳುತ್ತಿದ್ದೆ.

ಪಕ್ಕದ ಮನೆಯ ಕದರಮ್ಮ ಅಗಳಿ ಕಡೆಯವಳು. ಮಗನ ಹೊಲಿಗೆ ಕೆಲಸದ ಹಿಂದೆ ಇಲ್ಲಿಗೆ ಬಂದವಳು, ಜೊತೆಗೆ ಅತ್ತೆ ಎರ್ರಮ್ಮನನ್ನೂ ಕರೆತಂದಿದ್ದಳು. ಎರ್ರಮ್ಮನ ದನಿಯೆಂದರೆ ಮಾಡಿನಿಂದ ತಗಡು ಜಾರಿ ಬಿದ್ದ ಹಾಗೆ. ಜಗಲಿಯಲ್ಲಿ ಕೂತು ಮೇಕೆ, ಬಿಸಿಲು, ಹೋಗುವ ಆಟೊ ಎಲ್ಲಕ್ಕೂ ಬೈಯುತ್ತಿದ್ದಳು. ನನ್ನಿಂದ ತನ್ನದೇ ಅಣಕ ಮಾಡಿಸಿ, ಬೈಗುಳ ಸಾಕಷ್ಟು ಖಾರವಾಗಲಿಲ್ಲವೆಂದು ನನಗೂ ಬೈಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಬೀದಿಗೆ ಬೀದಿಯೇ ಮೆತ್ತಗಾಗಿತ್ತು.

ಹಿಂದಿನ ಚಳಿಗಾಲದಲ್ಲಿ ಕದರಮ್ಮ ಜೀನ್ಸ್ ಚಿಂದಿಗಳನ್ನೇ ಜೋಡಿಸಿ, ಮಡಕಶಿರಾದಲ್ಲಿದ್ದ ಮಗಳು ಪ್ರಸನ್ನಲಕ್ಷ್ಮಿಯ ಹುಡುಗ ರವಿತೇಜನಿಗೆ ಕೌದಿ ಮಾಡಿ ಕಳಿಸಿದ್ದಳು. ದಬ್ಬಣ ಚುಚ್ಚಿ ಚುಚ್ಚಿ ಬೆರಳೆಲ್ಲ ತೂತು. ಆಮೇಲೆ ಅಲ್ಲಿಗೆ ಹೋದಾಗ ನೋಡುತ್ತಾಳೆ, ಕೌದಿ ಅಳಿಯನ ಮೊಪೆಡ್ಡಿನ ಸೀಟಿನ ಮೇಲೆ ಕೂತಿದೆ. ತಿರುಗಿ ಬಂದವಳು, ಇಷ್ಟು ದಿನ ಬಳಸಿದರೂ ಒಂದು ಹೊಲಿಗೆಯೂ ಬಿಚ್ಚಿಲ್ಲ ಎಂದಷ್ಟೇ ಹೇಳಿದಳು.

ಈಗ ಪ್ರಸನ್ನಲಕ್ಷ್ಮಿಗೆ ಎರಡನೆಯದು, ಹೆಣ್ಣು ಕೂಸು. ಭಾನುವಾರ ಅದನ್ನು ಮೊದಲ ಸಲ ಅಜ್ಜಿ ಮನೆಗೆ ತರುವವಳಿದ್ದಳು. ಕದರಮ್ಮ ಮತ್ತೆ ಚಿಂದಿ ಜೋಡಿಸಿದಳು. ಗೋಡೆಗೆ ಒರಗಿಸಿದರೆ ಕೌದಿ ತಾನೇ ನಿಲ್ಲುತ್ತಿತ್ತು, ಪೊಲೀಸಿನವನ ಹಾಗೆ.

“ಹಿಂಗ ಆದ್ರ ಇದೂ ಗಾಡಿ ಮ್ಯಾಲೇ ಕುಂದರತೈತ್ರಿ ಕದರಮ್ಮಾರ,” ಎಂದಳು ಎದುರು ಮನೆಯ ದುರುಗಕ್ಕ. “ಒಳಮೈಗೆ ಮೆತ್ತಂದು ಏನರ ಹಾಕ್ರಿ.”

ಮೆತ್ತಗಿನದು ಮನೆಯಲ್ಲಿ ಒಂದೇ ಇತ್ತು: ಎರ್ರಮ್ಮ ಉಟ್ಟುಟ್ಟು ಬೆಣ್ಣೆಯಾಗಿಸಿದ್ದ ಹಸಿರು ನೂಲಿನ ಸೀರೆ. ಅದಕ್ಕೆ ಯಾರೂ ಕತ್ತರಿ ಮುಟ್ಟಿಸಬಾರದೆಂದು ಹೇಳಿಯೇ ಅವಳು ಕಣ್ಣು ಮುಚ್ಚಿದ್ದಳು. ಕದರಮ್ಮ ದಿನಾ ಟ್ರಂಕಿನಿಂದ ಸೀರೆ ತೆಗೆಯುವಳು, ಕತ್ತರಿ ಹತ್ತಿರ ಒಯ್ಯುವಳು, ಮತ್ತೆ ಮಡಚಿ ಒಳಗಿಡುವಳು.

ಶನಿವಾರ ಬಂತು. ನಮ್ಮ ಬೀದಿಯ ಹೆಂಗಸರು ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಅದರೊಳಗೆ ಹೋಳಿಗೆಯ ಚೂರು ಇಡುತ್ತಿದ್ದರು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ. ಹೊಲಿಗೆಯೊಳಗಿನ ಆ ಹೋಳಿಗೆಯನ್ನು ದುರುಗಕ್ಕ ತಂದಿದ್ದಳು. ಅವಳಿಗೆ ಕಣ್ಣು ಹೊಡೆದು, ಗೋಡೆಗೂ ಒರಗಿ ನಿಂತಿದ್ದ ಕೌದಿಗೂ ನಡುವೆ ಹೋಗಿ ಕುಕ್ಕರಿಸಿದೆ. ಕದರಮ್ಮ ಸೀರೆ ಬಿಡಿಸಿದಳು, ಕತ್ತರಿ ಎತ್ತಿದಳು.

“ಏನಮ್ಮಿ ಕದ್ರಿ, ನನ್ ಸೀರೆ ಯಾಕೆ ತಗ್ದೆ?” ಎಂದೆ, ಎರ್ರಮ್ಮನ ತಗಡು ದನಿಯಲ್ಲಿ.

ಅವಳು ಕಿರುಚುತ್ತಾಳೆ, ನಾನು ಎದ್ದು ಓಡುತ್ತೇನೆ: ನನ್ನ ಲೆಕ್ಕ ಇಷ್ಟೇ. ಅವಳು ಕಿರುಚಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ನಿಮ್ ಮೊಮ್ಮಗಳ ಕೂಸಿಗೆ ಅತ್ತೆಮ್ಮ. ಜೀನ್ಸು ಒರಟು, ಮೈ ಗೀರ್ತದೆ. ಹೋದ್ಸಲದ್ದು ಗಾಡಿಗೆ ಹಾಕ್ಕಂಡವ್ರೆ. ಇದೂ ಅಲ್ಲಿಗೇ ಹೋದ್ರೆ ನಾನಿನ್ನ ದಬ್ಬಣ ಮುಟ್ಟಾಕಿಲ್ಲ. ಕತ್ತರ್ಸಲಾ, ಬ್ಯಾಡ್ವಾ? ನೀವೇ ಹೇಳಿ.”

ಒಬ್ಬರು ಆಡಿದ ಮಾತನ್ನು ಅಣಕಿಸುವುದು ಸುಲಭ; ಕತ್ತರಿಸು ಎಂಬ ಮಾತನ್ನು ಎರ್ರಮ್ಮ ಯಾವತ್ತೂ ಆಡಿರಲಿಲ್ಲ. ದುರುಗಕ್ಕ ನಗುವುದನ್ನು ಬಿಟ್ಟು ನಾನಿದ್ದ ಕಡೆಗೇ ನೋಡುತ್ತಿದ್ದಳು. ಎರ್ರಮ್ಮ ಎಷ್ಟೇ ಬೈದರೂ, ಬೀದಿಯ ಮಕ್ಕಳು ಮೂಗು ಒರೆಸಿಕೊಳ್ಳುತ್ತಿದ್ದದ್ದು ಅವಳ ಸೆರಗಿಗೇ ಎಂಬುದು ನೆನಪಾಯಿತು.

“ಅಂಚು ಬಿಟ್ ಕತ್ತರ್ಸು, ಅದು ಮಗೀಗೆ ಚುಚ್ತದೆ. ಎಲ್ಲಾನೂ ನಾನೇ ಹೇಳ್ಕೊಡ್ಬೇಕಾ ನಿಂಗೆ?”

ಕತ್ತರಿ ಒಮ್ಮೆ ಕಚ್ಚಿತು. ಮುಂದಕ್ಕೆ ಅವಳು ಕೈಯಲ್ಲೇ ಪರ್ರನೆ ಹರಿದಳು. ಅಷ್ಟರಲ್ಲಿ ಜೀನ್ಸಿನ ನೀಲಿ ಧೂಳು ಮೂಗಿಗೆ ಹೋಗಿ ನಾನು ಸೀನಿದೆ, ನನ್ನದೇ ದನಿಯಲ್ಲಿ. ಕೌದಿ ಮಗುಚಿ ಬಿತ್ತು.

ಕದರಮ್ಮ ನನ್ನನ್ನು ನೋಡಿದಳು, ಹರಿದ ಸೀರೆಯನ್ನು ನೋಡಿದಳು. ಅವಳ ಕೈಯಲ್ಲಿ ಕತ್ತರಿ ಇನ್ನೂ ಇತ್ತು.

“ಅತ್ತೆಮ್ಮ ಹಂಗೇ ಅಂತಿದ್ರು,” ಎಂದಳು ಕೊನೆಗೆ. “ಕುಂತ್ಕೊ. ದಬ್ಬಣಕ್ಕೆ ದಾರ ಪೋಣ್ಸು.”

ಸಂಜೆಯವರೆಗೂ ಪೋಣಿಸಿದೆ. ಅವಳು ನಗಲಿಲ್ಲ, ನನಗೂ ಧೈರ್ಯ ಬರಲಿಲ್ಲ.

ಭಾನುವಾರ ಪ್ರಸನ್ನಲಕ್ಷ್ಮಿ ಬಂದಳು. ಕೌದಿಯ ಹಸಿರು ಮೈಯನ್ನು ಮೇಲೆ ಮಾಡಿ ಕೂಸನ್ನು ಮಲಗಿಸಿದರು. ಅದು ಸೀರೆಗೆ ಕೆನ್ನೆ ಒತ್ತಿ ಒಮ್ಮೆ ಮುಲುಗಿ, ನಿದ್ದೆಹೋಯಿತು. ಇದನ್ನು ಗಾಡಿಗೆ ಕೊಡುವುದಿಲ್ಲ ಎಂದಳು ಪ್ರಸನ್ನಲಕ್ಷ್ಮಿ, ಅಮ್ಮನ ಮುಖ ನೋಡದೆ.

ಆಗ ಕದರಮ್ಮ ನನ್ನ ಅಣಕ ಶುರು ಮಾಡಿದಳು. ಅತ್ತೆಯ ದನಿ, ಅತ್ತೆಯನ್ನು ಅಣಕಿಸುವ ನನ್ನ ದನಿ, ಕುಕ್ಕರಿಸಿದ ಭಂಗಿ, ಕೊನೆಗೆ ಸೀನು. ನನಗಿಂತ ಚೆನ್ನಾಗಿ ಮಾಡಿದಳು, ಅದು ಬೇರೆ ಹೊಟ್ಟೆಕಿಚ್ಚು. ದುರುಗಕ್ಕ ಗೋಡೆ ಹಿಡಿದು ನಕ್ಕಳು, ಪ್ರಸನ್ನಲಕ್ಷ್ಮಿ ಕಣ್ಣೊರೆಸಿಕೊಂಡು ನಕ್ಕಳು. ಎಲ್ಲರಿಗಿಂತ ಜೋರಾಗಿ ಕದರಮ್ಮನೇ ನಕ್ಕಳು. ಎಷ್ಟು ಜೋರೆಂದರೆ, ಮಲಗಿದ್ದ ಕೂಸು ಎದ್ದು ಕೂಗತೊಡಗಿತು.